ಹೆಡ್‌ಲೈಟಿನ ಕಪ್ಪು ಅರ್ಧ ಎಲ್ಲಿ ಹೋಯ್ತು?

ವೀಕ್ಷಕರೇ, ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮಲ್ಲಿ ನಲವತ್ತೈದು ದಾಟಿದವರಿಗೆ ಖಂಡಿತ ನೆನಪಿರುತ್ತೆ. ಆಗಿನ ಅಂಬಾಸಿಡರ್ ಕಾರು, ಸರ್ಕಾರಿ ಜೀಪು, ಲಾರಿ, ಬಸ್ಸು, ಇವುಗಳ ಹೆಡ್‌ಲೈಟ್ ಹೇಗಿರುತ್ತಿತ್ತು? ದುಂಡನೆಯ ಗಾಜು. ಆ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ. ಕೆಲವು ಗಾಡಿಗಳಲ್ಲಿ ಅರ್ಧದ ಬದಲು ನಟ್ಟನಡುವೆ ಒಂದು ಕಪ್ಪು ಬೊಟ್ಟು. ನಿದ್ದೆಗಣ್ಣಲ್ಲಿ ರೆಪ್ಪೆ ಅರ್ಧ ಇಳಿಬಿಟ್ಟ ಹಾಗೆ ಕಾಣ್ತಿತ್ತು ಗಾಡಿಯ ಮುಖ.

ಆ ಕಪ್ಪು ಎಲ್ಲಿ ಹೋಯ್ತು?

ಈಗ ರಾತ್ರಿ ಯಾವುದಾದರೂ ಎರಡು ಲೇನ್ ರಸ್ತೆಗೆ ಹೋಗಿ ನೋಡಿ. ಎದುರಿನಿಂದ ಬರ್ತಾ ಇರೋದು ಕಾರಾ, ಲಾರಿನಾ, ಟ್ರ್ಯಾಕ್ಟರಾ ಅಂತ ಗೊತ್ತೇ ಆಗಲ್ಲ. ಬರೀ ಬೆಳ್ಳನೆಯ ಒಂದು ಗೋಡೆ. ಅದು ಪಕ್ಕದಲ್ಲಿ ಹಾದು ಹೋದ ಮೇಲೂ ಕಣ್ಣಿಗೆ ಏನೂ ಕಾಣಲ್ಲ. ಮೂರು ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗೋ ಗಾಡಿ ಮೂರು ಸೆಕೆಂಡಿನಲ್ಲಿ ಸುಮಾರು 66 ಮೀಟರ್ ಓಡಿರುತ್ತೆ. ಅಷ್ಟು ದೂರ ಕುರುಡು ಪಯಣ. ಆ 66 ಮೀಟರ್ ಒಳಗೆ ಸೈಕಲ್ಲಿನಲ್ಲಿ ಮನೆಗೆ ಹೊರಟ ಒಬ್ಬ ಕೂಲಿಯಾಳು ಇದ್ದರೆ? ಹುಲ್ಲಿನ ಹೊರೆ ಹೊತ್ತ ಹೆಣ್ಣುಮಗಳು ಇದ್ದರೆ?

ಇದು ಬರೀ ಟ್ರಾಫಿಕ್ ವಿಷಯ ಅಲ್ಲ. ಇದಕ್ಕೊಂದು ಇತಿಹಾಸ ಇದೆ. ಮಾಮೂಲಿ ಕಾರಿನ ಹೆಡ್‌ಲೈಟನ್ನು ಮಾಲೀಕರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡ ಕಥೆ ಅದು. ನೂರು ವರ್ಷಕ್ಕೂ ಹಳೆಯದು. ಆ ಕಥೆಯನ್ನು ಪೂರ್ತಿ ಕೇಳಿದರೆ ಒಂದು ಸತ್ಯ ಹೊಳೆಯುತ್ತೆ. ಹೆಡ್‌ಲೈಟಿನ ಇತಿಹಾಸ ಅಂದರೆ ಬೆಳಕನ್ನು ಹೆಚ್ಚಿಸಿದ ಇತಿಹಾಸ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಅದು ಅರ್ಧ ಸತ್ಯ ಮಾತ್ರ. ಇನ್ನರ್ಧ ಬೆಳಕನ್ನು ಕತ್ತರಿಸಿದ ಇತಿಹಾಸ.

ಮೊದಲಿಗೆ ಹೋಗೋಣ. ಕಾರು ಹುಟ್ಟಿದಾಗ ಅದಕ್ಕೆ ಕರೆಂಟಿನ ದೀಪ ಇರಲಿಲ್ಲ. ಎತ್ತಿನಗಾಡಿಗೆ, ಜಟಕಾಗೆ ಲಾಟೀನು ಕಟ್ಟಿದ ಹಾಗೆ ಎಣ್ಣೆ ದೀಪ ಕಟ್ಟುತ್ತಿದ್ದರು. ಅದರಿಂದ ದಾರಿ ಕಾಣ್ತಿರಲಿಲ್ಲ. ಇಲ್ಲೊಂದು ಗಾಡಿ ಬರ್ತಾ ಇದೆ ಅಂತ ಬೇರೆಯವರಿಗೆ ಗೊತ್ತಾಗ್ತಿತ್ತು, ಅಷ್ಟೇ. ಆಮೇಲೆ ಬಂದದ್ದು ಕಾರ್ಬೈಡ್ ದೀಪ. ಹೌದು, ಮಾವಿನಹಣ್ಣನ್ನು ಮಾಗಿಸೋಕೆ ಕಳ್ಳ ವ್ಯಾಪಾರಿಗಳು ಇವತ್ತಿಗೂ ಬಳಸ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್. ಅದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನ್ನೋ ಅನಿಲ ಹುಟ್ಟುತ್ತೆ. ಅದಕ್ಕೆ ಬೆಂಕಿ ಹಚ್ಚಿದರೆ ಪ್ರಖರವಾದ ಬಿಳಿ ಜ್ವಾಲೆ. ಡ್ರೈವರ್ ಗಾಡಿಯಿಂದ ಇಳಿಯಬೇಕು, ನೀರಿನ ತಿರುಪು ಬಿಡಬೇಕು, ಗಾಜಿನ ಬಾಗಿಲು ತೆಗೆಯಬೇಕು, ಕಡ್ಡಿ ಗೀರಬೇಕು. ಮಳೆ ಬಂದರೆ ದೇವರೇ ಗತಿ.

ಇದರಲ್ಲೇ ಕೋಟ್ಯಧಿಪತಿಗಳಾದವರಿದ್ದಾರೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1904ರಲ್ಲಿ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್ ಒಂದು ಕಂಪನಿ ಶುರು ಮಾಡಿದರು. ಹೆಸರು ಪ್ರೆಸ್ಟ್-ಓ-ಲೈಟ್. ಅಸಿಟಿಲೀನ್ ಅನಿಲವನ್ನು ಸಿಲಿಂಡರಿನಲ್ಲಿ ತುಂಬಿ ಕಾರಿನ ದೀಪಕ್ಕೆ ಮಾರೋದು. ಖಾಲಿಯಾದರೆ ತಂದುಕೊಟ್ಟು ಇನ್ನೊಂದು ಒಯ್ಯಿ, ಈಗಿನ ಅಡುಗೆ ಗ್ಯಾಸಿನ ಹಾಗೆ. ಜಗತ್ಪ್ರಸಿದ್ಧ ಇಂಡಿಯಾನಾಪೊಲಿಸ್ ರೇಸ್ ಟ್ರ್ಯಾಕನ್ನು 1909ರಲ್ಲಿ ಕಟ್ಟಿದವರಲ್ಲಿ ಈ ಇಬ್ಬರೂ ಇದ್ದರು ಅಂದರೆ ದೀಪದ ವ್ಯಾಪಾರ ಎಷ್ಟು ಜೋರಾಗಿತ್ತು ಅಂತ ಊಹಿಸಿ. ಇನ್ನೊಂದು ಮಾತು. ಅದೇ ಕಾಲಕ್ಕೆ, 1905ರಲ್ಲಿ, ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟು ಬಂದಿತ್ತು. ಅಂದರೆ ಬೀದಿಯಲ್ಲಿ ವಿದ್ಯುತ್ ದೀಪ, ಆ ಬೀದಿಯಲ್ಲಿ ಓಡಾಡೋ ಮೋಟಾರಿನಲ್ಲಿ ಇನ್ನೂ ಬೆಂಕಿಯ ದೀಪ!

ಕಾರಿಗೆ ಕರೆಂಟಿನ ದೀಪ ಗಟ್ಟಿಯಾಗಿ ಬಂದದ್ದು 1912ರಲ್ಲಿ. ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಸೆಲ್ಫ್ ಸ್ಟಾರ್ಟರ್, ಬ್ಯಾಟರಿ, ಲೈಟು ಮೂರನ್ನೂ ಒಂದೇ ವ್ಯವಸ್ಥೆಗೆ ಜೋಡಿಸಿದರು. ಆದರೆ ಕ್ಯಾಡಿಲಾಕ್ ಸಾಹುಕಾರರ ಕಾರು. ಬಡವರ ಕಾರು ಯಾವುದು? ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಗಾಡಿ ತಯಾರಾಯಿತು. ಅದಕ್ಕೆ ವಿದ್ಯುತ್ ಹೆಡ್‌ಲೈಟ್ ಬಂದದ್ದು 1915ರಲ್ಲಿ. ಅದೂ ಹೇಗೆ? ಬ್ಯಾಟರಿಯಿಂದಲ್ಲ, ಎಂಜಿನ್ ಜೊತೆ ತಿರುಗೋ ಮ್ಯಾಗ್ನೆಟೋದಿಂದ. ಎಂಜಿನ್ ಜೋರಾಗಿ ತಿರುಗಿದರೆ ಬೆಳಕು ಜೋರು. ನಿಧಾನ ಮಾಡಿದರೆ ಮಿಣುಕು. ತಿರುವಿನಲ್ಲಿ, ಹಳ್ಳ ಬಂದಾಗ, ಬೆಳಕು ಯಾವಾಗ ನಿಜವಾಗಿ ಬೇಕೋ ಆಗಲೇ ದೀಪ ಮಂಕಾಗ್ತಿತ್ತು. ಇಂಥ ದೀಪ ಕೊಟ್ಟ ಮೇಲೆ ಜನ ಸುಮ್ಮನಿರ್ತಾರಾ? ಬಿಡಿ ಅಂಗಡಿಗಳಿಗೆ ಹೋದರು. ಬೇರೆ ಬಲ್ಬು, ಬೇರೆ ಕನ್ನಡಿ, ಬೇರೆ ಗಾಜು ಹಾಕಿಸಿಕೊಂಡರು. ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಡೆಯೋ ವ್ಯಾಪಾರ ಇದೆಯಲ್ಲ, ಅದರ ಮೂಲಪುರುಷರು ಅವರು.

ಈಗ ಗಮನಿಸಿ. ಕರೆಂಟಿನ ದೀಪ ಬಂದ ಕೂಡಲೇ ಹೊಸ ತಾಪತ್ರಯ ಶುರುವಾಯಿತು. ಎದುರಿನವರ ಕಣ್ಣು ಕುಕ್ಕೋದು. ಕುದುರೆಗಳು ಬೆದರಿದವು, ಪಾದಚಾರಿಗಳು ಬೈದರು. ಅಮೆರಿಕದ ರಾಜ್ಯಗಳು ಒಂದೊಂದಾಗಿ ಕಣ್ಣು ಕುಕ್ಕುವ ದೀಪದ ವಿರುದ್ಧ ಕಾನೂನು ಮಾಡಿದವು. ಆಗ ಮಾರುಕಟ್ಟೆಗೆ ಬಂದವು ಬಗೆಬಗೆಯ ಲೆನ್ಸುಗಳು. ಕಾರ್ನಿಂಗ್ ಗಾಜಿನ ಕಂಪನಿಯ ಕೋನಾಫೋರ್ ಲೆನ್ಸ್, ಪಿಟ್ಸ್‌ಬರ್ಗಿನ ಮ್ಯಾಕ್‌ಬೆತ್ ಲೆನ್ಸ್, ಇನ್ನೂ ಹಲವು. ಗಾಜಿನ ಮೇಲೆ ಗೆರೆಗಳು, ಉಬ್ಬುಗಳು, ಕೆಲವಕ್ಕೆ ಹಳದಿ ಛಾಯೆ. ಏನಿದರ ಕೆಲಸ? ಮೇಲಕ್ಕೆ ಹೋಗೋ ಬೆಳಕನ್ನು ಬಗ್ಗಿಸಿ ರಸ್ತೆಗೆ ಇಳಿಸೋದು. ಮಾಮೂಲಿ ಕಾರಿನ ಮಾಲೀಕ ತನ್ನ ಜೇಬಿನಿಂದ ದುಡ್ಡು ಕೊಟ್ಟು ಈ ಲೆನ್ಸ್ ಹಾಕಿಸಿಕೊಳ್ತಿದ್ದ. ಯಾಕೆ? ತನಗೆ ಕಾಣಬೇಕು, ಜೊತೆಗೆ ಎದುರಿನವನ ಕಣ್ಣಿಗೂ ಹೊಡೆಯಬಾರದು. ಕಾನೂನಿನ ಭಯ ಇತ್ತು, ಇಲ್ಲ ಅಂತಲ್ಲ. ಆದರೆ ಹೆಡ್‌ಲೈಟನ್ನು ಕಸ್ಟಮೈಸ್ ಮಾಡೋದು ಅಂದರೆ ಎದುರಿನವನ ಅನುಕೂಲವನ್ನೂ ಲೆಕ್ಕಕ್ಕೆ ತಗೊಳ್ಳೋದು ಅಂತ ಆ ಕಾಲಕ್ಕೆ ಅರ್ಥ ಇತ್ತು.

1924ರಲ್ಲಿ ಜರ್ಮನಿಯ ಓಸ್ರಾಮ್ ಕಂಪನಿ ಒಂದು ಬಲ್ಬು ತಂತು. ಹೆಸರು ಬಿಲಕ್ಸ್. ಒಂದೇ ಬಲ್ಬಿನೊಳಗೆ ಎರಡು ತಂತಿ. ಒಂದು ದೂರಕ್ಕೆ, ಒಂದು ಹತ್ತಿರಕ್ಕೆ. ನಾವು ಹೈ ಬೀಮ್, ಡಿಮ್ ಅಂತೀವಲ್ಲ, ಅದು ಇಷ್ಟು ಸಲೀಸಾದದ್ದು ಈ ಬಲ್ಬಿನಿಂದ. ಇದರೊಳಗಿನ ಚಮತ್ಕಾರವನ್ನು ಸ್ವಲ್ಪ ತಾಳ್ಮೆಯಿಂದ ಅರ್ಥ ಮಾಡಿಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಹೆಡ್‌ಲೈಟಿನ ಒಳಗಿರೋದು ಬಟ್ಟಲಿನಾಕಾರದ ಕನ್ನಡಿ. ಆ ಕನ್ನಡಿಗೆ ಒಂದು ನಾಭಿ ಇರುತ್ತೆ. ಹೈ ಬೀಮ್ ತಂತಿ ಸರಿಯಾಗಿ ಆ ನಾಭಿಯಲ್ಲಿ ಕೂರುತ್ತೆ, ಬೆಳಕು ನೇರ ಮುಂದಕ್ಕೆ ಹೋಗುತ್ತೆ. ಡಿಮ್ ತಂತಿ ಅದಕ್ಕಿಂತ ಕೆಲವೇ ಮಿಲಿಮೀಟರ್ ಮುಂದೆ ಇರುತ್ತೆ. ಅದರ ಕೆಳಗೆ ಪುಟ್ಟದೊಂದು ಲೋಹದ ಚಮಚ. ಆ ಚಮಚ ಕೆಳಗೆ ಬೀಳೋ ಬೆಳಕನ್ನು ತಡೆಯುತ್ತೆ. ಹಾಗಾಗಿ ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬೆಳಕು ಬೀಳುತ್ತೆ, ಅಲ್ಲಿಂದ ಬಗ್ಗಿ ರಸ್ತೆಗೆ ಇಳಿಯುತ್ತೆ. ಅಂದರೆ ಡಿಮ್ ಲೈಟನ್ನು ಡಿಮ್ ಮಾಡೋದು ಕಡಿಮೆ ಕರೆಂಟಲ್ಲ, ಬೆಳಕಿಗೆ ಅಡ್ಡ ಇಟ್ಟ ಒಂದು ಚೂರು ತಗಡು! ಕೆಲವು ಮಿಲಿಮೀಟರ್ ಆಚೀಚೆ ಆದರೆ ಇಡೀ ಲೆಕ್ಕ ತಪ್ಪುತ್ತೆ.

1957ರಲ್ಲಿ ಯುರೋಪು ಇನ್ನೊಂದು ಹೆಜ್ಜೆ ಹಾಕಿತು. ಡಿಮ್ ಬೆಳಕಿನ ಮೇಲಂಚು ಎರಡೂ ಕಡೆ ಒಂದೇ ಸಮ ಯಾಕಿರಬೇಕು? ಎದುರಿನವನ ಕಡೆ ಚಪ್ಪಟೆಯಾಗಿರಲಿ, ರಸ್ತೆಯ ಅಂಚಿನ ಕಡೆ 15 ಡಿಗ್ರಿ ಮೇಲಕ್ಕೆ ಏರಲಿ. ಆಗ ರಸ್ತೆ ಬದಿಯಲ್ಲಿ ನಡೆಯೋರು ಕಾಣ್ತಾರೆ, ಎದುರಿನಿಂದ ಬರೋರಿಗೆ ತೊಂದರೆ ಇಲ್ಲ. ನಾವು ಎಡಗಡೆ ಓಡಿಸೋರು. ನಮ್ಮ ಗಾಡಿಗಳಲ್ಲಿ ಆ ಏರು ಎಡಕ್ಕಿರಬೇಕು. ಬಲಗಡೆ ಓಡಿಸೋ ದೇಶದ ಹೆಡ್‌ಲೈಟನ್ನು ಚೆನ್ನಾಗಿ ಕಾಣುತ್ತೆ ಅಂತ ತರಿಸಿ ಇಲ್ಲಿ ಹಾಕಿದರೆ? ಆ ಏರು ನೇರವಾಗಿ ಎದುರಿನವನ ಕಣ್ಣಿಗೆ ಹೋಗುತ್ತೆ.

ಅಮೆರಿಕ ಬೇರೆ ದಾರಿ ಹಿಡಿಯಿತು. ಜನ ತಮಗೆ ತೋಚಿದ್ದು ಹಾಕಿಸಿಕೊಳ್ತಾರೆ, ಒಳಗಿನ ಕನ್ನಡಿ ಕಪ್ಪಿಟ್ಟು ಹೋಗುತ್ತೆ, ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಬೇಡ ಈ ರಗಳೆ ಅಂತ 1940ರಿಂದ ಎಲ್ಲ ಕಾರಿಗೂ ಒಂದೇ ಥರದ, ಏಳು ಇಂಚಿನ, ಗಾಳಿಯಾಡದ ಹಾಗೆ ಮುಚ್ಚಿದ ದುಂಡು ದೀಪ. ಹೆಸರು ಸೀಲ್ಡ್ ಬೀಮ್. ಕೆಟ್ಟರೆ ಇಡೀ ದೀಪ ಕಿತ್ತು ಹೊಸದು ಹಾಕು. ನಡುವೆ ಕೈ ಹಾಕೋ ಹಾಗೇ ಇಲ್ಲ. ಬಲ್ಬು ಮಾತ್ರ ಬದಲಾಯಿಸೋ ಹೆಡ್‌ಲೈಟಿಗೆ ಆ ದೇಶ ಮತ್ತೆ ಒಪ್ಪಿಗೆ ಕೊಟ್ಟದ್ದು 1983ರಲ್ಲಿ. ಹೆಚ್ಚುಕಡಿಮೆ ನಲವತ್ತು ವರ್ಷ ಅಮೆರಿಕದಂಥ ಅಮೆರಿಕ, ಸ್ವಾತಂತ್ರ್ಯ ಸ್ವಾತಂತ್ರ್ಯ ಅನ್ನೋ ದೇಶ, ಹೆಡ್‌ಲೈಟಿನ ವಿಷಯದಲ್ಲಿ ಮಾಲೀಕನಿಗೆ ಸ್ವಾತಂತ್ರ್ಯ ಕೊಡಲಿಲ್ಲ. ಫ್ರಾನ್ಸ್ ಇನ್ನೊಂದು ಥರ. 1937ರಿಂದ 1993ರವರೆಗೆ ಅಲ್ಲಿ ಹೆಡ್‌ಲೈಟ್ ಹಳದಿ ಬಣ್ಣದ್ದೇ ಆಗಿರಬೇಕು ಅಂತ ಕಾನೂನು. ಬಿಳಿಗಿಂತ ಹಳದಿ ಕಣ್ಣಿಗೆ ಹಿತ ಅನ್ನೋದು ಅವರ ವಾದ.

ಸರಿ, ನಮ್ಮ ಕಪ್ಪು ಅರ್ಧಕ್ಕೆ ಬರೋಣ. ಅದು ಹುಟ್ಟಿದ್ದು ಯುದ್ಧದಲ್ಲಿ. 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಔಟ್. ಬೀದಿ ದೀಪ ಬಂದ್. ಮನೆ ಕಿಟಕಿಗೆ ಕಪ್ಪು ಪರದೆ. ಕಾರಿನ ಹೆಡ್‌ಲೈಟಿಗೆ ಮುಸುಕು. ಆಕಾಶದಲ್ಲಿರೋ ಬಾಂಬರ್ ವಿಮಾನಕ್ಕೆ ನೆಲದ ಬೆಳಕು ಕಾಣಬಾರದು. ಫಲ ಏನಾಯಿತು ಗೊತ್ತಾ? 1941ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 9,169 ಮಂದಿ. ಆ ದೇಶದ ರಸ್ತೆ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಜನ ಯಾವ ವರ್ಷವೂ ಸತ್ತಿಲ್ಲ. ಪೆಟ್ರೋಲಿಗೆ ರೇಷನ್, ರಸ್ತೆಯಲ್ಲಿ ಕಾರೇ ಕಡಿಮೆ, ಆದರೂ ಇಷ್ಟು ಸಾವು. ಬೆಳಕು ಹೆಚ್ಚಾದರೆ ಅಪಾಯ ಅಂತ ನಾವು ಮಾತಾಡ್ತಾ ಇದ್ದೀವಿ, ಸರಿ. ಬೆಳಕು ಇಲ್ಲದಿದ್ದರೂ ಸಾವು ಅನ್ನೋದನ್ನು ಈ ಅಂಕಿ ಹೇಳುತ್ತೆ. ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡಬೇಕು.

ಭಾರತಕ್ಕೂ ಆ ಯುದ್ಧ ಬಂತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿ ವಿಮಾನಗಳು ಬಾಂಬ್ ಹಾಕಿದವು. ಆಮೇಲೆ ಸ್ವತಂತ್ರ ಭಾರತದಲ್ಲಿ 1965ರ ಯುದ್ಧ, 1971ರ ಯುದ್ಧ. ಸೈರನ್ ಕೂಗು, ಕಿಟಕಿಗೆ ಕಪ್ಪು ಕಾಗದ, ಗಾಡಿಯ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ. ಹಿರಿಯರನ್ನು ಕೇಳಿ, ಹೇಳ್ತಾರೆ. 1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿಯಿತು. ಯುದ್ಧ ಮುಗಿದದ್ದು 13 ದಿನಕ್ಕೆ. ಬಣ್ಣ ಉಳಿದದ್ದು ದಶಕಗಳ ಕಾಲ!

ಯಾಕೆ ಉಳಿಯಿತು? ವಿಮಾನದ ಭಯ ಹೋಯಿತು, ಎದುರಿನ ಗಾಡಿಯ ತೊಂದರೆ ಉಳಿಯಿತು. ಯುದ್ಧಕ್ಕೆ ಬಳಿದ ಕಪ್ಪು ಶಾಂತಿ ಕಾಲದಲ್ಲಿ ಟ್ರಾಫಿಕ್ ಶಿಸ್ತಾಯಿತು. ಪೊಲೀಸರೇ ಗಾಡಿ ನಿಲ್ಲಿಸಿ ಬಣ್ಣ ಹಚ್ಚಿಸೋರು. ಗ್ಯಾರೇಜಿನ ಹುಡುಗ ಒಂದು ಡಬ್ಬಿ, ಒಂದು ಬ್ರಶ್ ಹಿಡಿದು ನಿಂತಿರೋನು. ಮಾಮೂಲಿ ಕಾರಿನ ಹೆಡ್‌ಲೈಟಿಗೆ ಮಾಡಿದ ಅತಿ ಅಗ್ಗದ ಮಾಡಿಫಿಕೇಶನ್ ಅದು.

ಅದು ಕೆಲಸ ಮಾಡ್ತಿತ್ತಾ? ಇಲ್ಲೇ ತಮಾಷೆ ಇರೋದು. ಈಗಷ್ಟೇ ಹೇಳಿದೆನಲ್ಲ, ಚಮಚ ಇರೋ ಬಲ್ಬಿನಲ್ಲಿ ಡಿಮ್ ಬೆಳಕು ಹೊರಡೋದು ಕನ್ನಡಿಯ ಮೇಲರ್ಧದಿಂದ. ಅದು ಗಾಜಿನ ಮೇಲ್ಭಾಗದಿಂದಲೇ ಹೊರಗೆ ಬರುತ್ತೆ. ಆ ಮೇಲರ್ಧಕ್ಕೇ ಕಪ್ಪು ಬಳಿದರೆ? ರಸ್ತೆಗೆ ಇಳಿಯೋ ಒಳ್ಳೆಯ ಬೆಳಕೇ ಕಟ್. ಹೈ ಬೀಮ್ ಹಾಕಿದಾಗ ಕೆಳಗಿನ ಅರ್ಧದಿಂದ ನೇರವಾಗಿ ಹೋಗೋ ಬೆಳಕು ಹಾಗೇ ಉಳಿಯುತ್ತೆ. ಅಂದರೆ ಅಂಥ ಗಾಡಿಗಳಲ್ಲಿ ನಾವು ಕಪ್ಪು ಬಳಿದದ್ದು ತಪ್ಪು ಜಾಗಕ್ಕೆ. ಡಿಮ್ ಹಾಕಿದರೆ ದಾರಿ ಕಾಣಲ್ಲ, ಅದಕ್ಕೇ ಡ್ರೈವರ್ ಹೈ ಬೀಮ್ ಹಾಕ್ತಾನೆ, ಮತ್ತೆ ಎದುರಿನವನ ಕಣ್ಣು ಕುಕ್ಕುತ್ತೆ. ಮೇಲಿಂದ ನೋಡೋ ವಿಮಾನಕ್ಕೆ ಸರಿಹೋದ ಉಪಾಯ, ಎದುರಿಂದ ಬರೋ ಮನುಷ್ಯನಿಗೆ ಅಷ್ಟಾಗಿ ಸರಿಹೋಗಲಿಲ್ಲ.

ಆದರೂ ಆ ಕಪ್ಪನ್ನು ನಗೆಪಾಟಲು ಮಾಡೋಕೆ ಮನಸ್ಸು ಬರಲ್ಲ. ಯಾಕೆ ಅಂದರೆ ಅದರ ಹಿಂದಿನ ಉದ್ದೇಶ ಸರಿಯಾಗಿತ್ತು. ನನ್ನ ಗಾಡಿಯ ಬೆಳಕಿನಲ್ಲಿ ಸ್ವಲ್ಪ ನಾನು ಬಿಟ್ಟುಕೊಡಬೇಕು ಅನ್ನೋ ಒಪ್ಪಂದ ಅದು. ಲೆಕ್ಕ ತಪ್ಪಾಗಿತ್ತು, ಮನಸ್ಸು ತಪ್ಪಿರಲಿಲ್ಲ.

ಮನಸ್ಸು ಬದಲಾದದ್ದು ಯಾವಾಗ? ಹ್ಯಾಲೊಜೆನ್ ಬಲ್ಬ್ ಬಂದ ಮೇಲೆ ಅನ್ನಬಹುದು. ಎಚ್4 ಅನ್ನೋ ಎರಡು ತಂತಿಯ ಹ್ಯಾಲೊಜೆನ್ ಬಲ್ಬ್ 1971ರಲ್ಲಿ ಯುರೋಪಿನಲ್ಲಿ ಬಂತು. ಅಧಿಕೃತ ಅಳತೆ ಹೈ ಬೀಮಿಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಹಳೆಯ ಬಲ್ಬಿಗಿಂತ ಎಷ್ಟೋ ಪಾಲು ಒಳ್ಳೆಯದು. ಅಂಬಾಸಿಡರಿನಲ್ಲೂ ಏಳು ಇಂಚಿನ ದುಂಡು ದೀಪ, ಜೀಪಿನಲ್ಲೂ ಅದೇ. ಹಾಗಾಗಿ ಹಳೆಯದು ತೆಗೆದು ಹೊಸದು ಕೂರಿಸೋದು ಹತ್ತು ನಿಮಿಷದ ಕೆಲಸ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅಂಗಡಿಗೆ ಬಂದದ್ದು 100/90 ವ್ಯಾಟಿನ ಬಲ್ಬು. ಕಂಪನಿ ಕೊಟ್ಟ ವೈರು, ಸ್ವಿಚ್ಚು ಅಷ್ಟು ಕರೆಂಟನ್ನು ತಡೆಯಲ್ಲ. ರಿಲೇ ಹಾಕಿಸದೇ ಹಾಗೇ ತೂರಿಸಿದವರ ಗಾಡಿಯಲ್ಲಿ ಹೋಲ್ಡರ್ ಕರಗಿತು, ವೈರು ಸುಟ್ಟಿತು. ರಿಲೇ ಹಾಕಿಸಿದವರಿಗೆ ಬೆಳಕು ಬಂತು. ಗಾಜಿನ ಮೇಲಿನ ಕಪ್ಪು ಬಣ್ಣ? ಕೆರೆದು ತೆಗೆದರು. ಅಷ್ಟು ದುಡ್ಡು ಕೊಟ್ಟು ತಂದ ಬೆಳಕಿಗೆ ಕಪ್ಪು ಯಾರು ಬಳೀತಾರೆ?

ಅಲ್ಲಿಂದ ದಿಕ್ಕೇ ಬದಲಾಯಿತು. ಮೊದಲು ಹೆಡ್‌ಲೈಟ್ ಮಾಡಿಫೈ ಮಾಡಿಸುವಾಗ ಎದುರಿನವನೂ ಲೆಕ್ಕದಲ್ಲಿದ್ದ. ಈಗ ಲೆಕ್ಕದಲ್ಲಿರೋದು ನಾನೊಬ್ಬನೇ.

1991ರಲ್ಲಿ ಬಿಎಂಡಬ್ಲ್ಯು 7 ಸೀರೀಸಿನಲ್ಲಿ ಝೆನಾನ್ ದೀಪ ಬಂತು. ಹ್ಯಾಲೊಜೆನ್ ಎಚ್4 ಡಿಮ್‌ನಲ್ಲಿ ಕೊಡೋದು ಸುಮಾರು 1,000 ಲ್ಯೂಮೆನ್ ಬೆಳಕು. ಝೆನಾನ್ 35 ವ್ಯಾಟಿನಲ್ಲೇ ಸುಮಾರು 3,200 ಲ್ಯೂಮೆನ್. ಮೂರು ಪಟ್ಟು! ಅದಕ್ಕೇ ಯುರೋಪಿನ ನಿಯಮ ಏನು ಹೇಳುತ್ತೆ ಅಂದರೆ, 2,000 ಲ್ಯೂಮೆನ್ ದಾಟಿದ ಡಿಮ್ ದೀಪ ಇದ್ದರೆ ಗಾಜು ತೊಳೆಯೋ ವ್ಯವಸ್ಥೆ ಇರಬೇಕು, ಹಿಂದೆ ಭಾರ ಹೆಚ್ಚಾದಾಗ ದೀಪ ತಾನಾಗಿ ತಲೆ ತಗ್ಗಿಸೋ ವ್ಯವಸ್ಥೆಯೂ ಇರಬೇಕು. ನಮ್ಮಲ್ಲಿ ಏನಾಯಿತು? ಆ ವ್ಯವಸ್ಥೆ ಯಾವುದೂ ಬರಲಿಲ್ಲ, ಬರೀ ಬಲ್ಬು ಮಾತ್ರ ಕಿಟ್ ಆಗಿ ಬಂತು. ಅದನ್ನು ಹ್ಯಾಲೊಜೆನ್ನಿಗೆ ಅಂತ ಮಾಡಿದ ಕನ್ನಡಿಯೊಳಗೆ ತೂರಿಸಿದರು. ಆಮೇಲೆ ಎಲ್‌ಇಡಿ ಬಂತು. ಇನ್ನೂ ಅಗ್ಗ, ಇನ್ನೂ ಸುಲಭ.

ಇದರಲ್ಲೇನು ತಪ್ಪು? ತಪ್ಪು ಎಲ್‌ಇಡಿಯದ್ದಲ್ಲ. ಎಲ್‌ಇಡಿಗೆ ಅಂತಲೇ ಕಂಪನಿ ವಿನ್ಯಾಸ ಮಾಡಿದ ಹೆಡ್‌ಲೈಟ್ ಬೇರೆ, ಹ್ಯಾಲೊಜೆನ್ ಕನ್ನಡಿಗೆ ಎಲ್‌ಇಡಿ ಬಲ್ಬು ತೂರಿಸೋದು ಬೇರೆ. ಕನ್ನಡಿ ಲೆಕ್ಕ ಹಾಕಿ ಮಾಡಿರೋದು ಕೆಲವೇ ಮಿಲಿಮೀಟರ್ ಉದ್ದದ ಒಂದು ತಂತಿಗೆ. ಅದು ಸುತ್ತಲೂ ಬೆಳಗುತ್ತೆ, ಚಮಚ ಅದನ್ನು ಕತ್ತರಿಸುತ್ತೆ. ಎಲ್‌ಇಡಿ ಚಿಪ್ಪು ಚಪ್ಪಟೆ, ಎರಡು ಪಕ್ಕಕ್ಕೆ ಬೆಳಗುತ್ತೆ. ಅದು ಕೂರೋ ಜಾಗ, ಬೆಳಗೋ ದಿಕ್ಕು ಸ್ವಲ್ಪ ಬದಲಾದರೂ ಬೆಳಕಿನ ಅಂಚು ಕದಡಿ ಹೋಗುತ್ತೆ. ಗೋಡೆಯ ಮೇಲೆ ನೋಡಿದರೆ ಬೆಳಕು ಜಾಸ್ತಿ ಕಾಣುತ್ತೆ. ಗಾಡಿ ಮುಂದಿನ ಹತ್ತಿಪ್ಪತ್ತು ಅಡಿ ಝಗಮಗ ಅನ್ನುತ್ತೆ. ಮಾಲೀಕನಿಗೆ ಖುಷಿ. ಆದರೆ ಹತ್ತಿರದ ನೆಲ ಅಷ್ಟು ಬೆಳ್ಳಗಾದರೆ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತೆ, ದೂರದ ಕತ್ತಲಲ್ಲಿ ನಿಂತ ಎಮ್ಮೆ ಕಾಣಲ್ಲ. ತನಗೆ ಕಾಣಲಿ ಅಂತ ಹಾಕಿಸಿದ್ದು, ತನಗೂ ಪೂರ್ತಿ ಕಾಣಿಸ್ತಾ ಇಲ್ಲ. ಎದುರಿನವನಿಗಂತೂ ಏನೂ ಕಾಣಿಸ್ತಾ ಇಲ್ಲ. ಇಬ್ಬರೂ ಕುರುಡರೇ!

ಕಾನೂನು ಏನು ಹೇಳುತ್ತೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದಕ್ಕೇ ಇರೋದು. ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯನಿಗೆ ಅದು ಕುಕ್ಕಬಾರದು. ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ. ಕಾನೂನಿನ ಭಾಷೆಯಲ್ಲಿ ಎದುರುಗಡೆ ಒಬ್ಬ ಮನುಷ್ಯ ನಿಂತಿದ್ದಾನೆ! 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನವನ್ನು ಮನಬಂದಂತೆ ಬದಲಾಯಿಸೋದನ್ನು ತಡೆಯುತ್ತೆ. ತಯಾರಕರು ಕೊಟ್ಟ ಮೂಲ ಅಳತೆಗೆ ವಿರುದ್ಧವಾಗಿ ಬದಲಾವಣೆ ಮಾಡೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆಯನ್ನೂ ಶುರು ಮಾಡಿದರು.

ಹಾಗಾದರೆ ತಪ್ಪೆಲ್ಲ ಮಾಲೀಕನದ್ದೇನಾ? ಅಷ್ಟು ಸುಲಭವಾಗಿ ತೀರ್ಪು ಕೊಡೋಕಾಗಲ್ಲ. ಆತನ ಕಡೆಯ ವಾದವನ್ನೂ ಕೇಳಿ. ಹೆದ್ದಾರಿಯಲ್ಲಿ ಬೀದಿ ದೀಪ ಇಲ್ಲ. ರಸ್ತೆ ಮಧ್ಯದ ಬಿಳಿ ಗೆರೆ ಅಳಿಸಿ ಹೋಗಿದೆ. ರೋಡ್ ಹಂಪಿಗೆ ಬಣ್ಣ ಇಲ್ಲ, ಗುಂಡಿಗೆ ಬೋರ್ಡಿಲ್ಲ. ಟೈಲ್ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಹೋಗ್ತಿದೆ. ಕಾರಿಗೆ ಕಂಪನಿ ಕೊಟ್ಟ ದೀಪ ಮಿಣುಕು. ಗಾಜಿನ ಬದಲು ಬಂದ ಪಾಲಿಕಾರ್ಬೋನೇಟ್ ಕವರ್ ಬಿಸಿಲಿಗೆ ಹಳದಿಯಾಗಿ ಮಂಕಾಗಿದೆ. ಎದುರಿನವರೆಲ್ಲ ಎಲ್‌ಇಡಿ ಹಾಕಿಸಿಕೊಂಡಿದ್ದಾರೆ. ಇವನೊಬ್ಬ ಕಣ್ಣುಜ್ಜಿಕೊಳ್ತಾ ಎಷ್ಟು ದಿನ ಓಡಿಸ್ತಾನೆ? ಒಂದು ದಿನ ಅವನೂ ಅಂಗಡಿಗೆ ಹೋಗ್ತಾನೆ. ಶೋಕಿಗೆ ಹಾಕಿಸೋರು ಇದ್ದಾರೆ, ನಿಜ. ಭಯಕ್ಕೆ ಹಾಕಿಸೋರೂ ಇದ್ದಾರೆ. ಹೀಗೆ ಒಬ್ಬರ ಭಯ ಇನ್ನೊಬ್ಬರ ಭಯವನ್ನು ಹುಟ್ಟಿಸ್ತಾ ಬೆಳಕಿನ ಪೈಪೋಟಿ ಬೆಳೆಯುತ್ತೆ. ಈ ಪೈಪೋಟಿಯಲ್ಲಿ ಸೋಲೋದು ಯಾರು? ಹೆಡ್‌ಲೈಟೇ ಇಲ್ಲದವನು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು, 19ಕ್ಕೂ ಹೆಚ್ಚು ಜನ ನಡೆದು ಹೋಗ್ತಿದ್ದವರು. ಎಲ್ಲ ಸಾವಿಗೂ ಹೆಡ್‌ಲೈಟ್ ಕಾರಣ ಅಂತ ಹೇಳ್ತಿಲ್ಲ. ರಸ್ತೆಯಲ್ಲಿ ಯಾರ ಜೀವ ಅಗ್ಗ ಅನ್ನೋದನ್ನು ಈ ಅಂಕಿ ಹೇಳುತ್ತೆ, ಅಷ್ಟೇ.

ಇಲ್ಲೊಂದು ದೊಡ್ಡ ತೂತು ಇದೆ. ನಿಮ್ಮ ಸ್ವಂತ ಕಾರನ್ನು ರಿಜಿಸ್ಟರ್ ಮಾಡಿಸಿದ ಮೇಲೆ ಅದರ ಫಿಟ್‌ನೆಸ್ ಪರೀಕ್ಷೆ ಯಾವಾಗ? 15 ವರ್ಷ ಆದ ಮೇಲೆ. ನಡುವೆ ಹೊಗೆ ತಪಾಸಣೆಗೆ ತಪ್ಪದೇ ಹೋಗ್ತೀರಿ, ಸರ್ಟಿಫಿಕೇಟ್ ತರ್ತೀರಿ. ಹೆಡ್‌ಲೈಟ್ ಎಲ್ಲಿ ನೋಡ್ತಿದೆ, ರಸ್ತೆಗೋ ಆಕಾಶಕ್ಕೋ ಅಂತ 15 ವರ್ಷ ಯಾರೂ ಕಡ್ಡಾಯವಾಗಿ ಪರೀಕ್ಷಿಸಲ್ಲ. ಹೊಗೆ ನೋಡೋ ಕೇಂದ್ರದಲ್ಲೇ ಹೆಡ್‌ಲೈಟಿನ ಎತ್ತರವನ್ನೂ ನೋಡಿ ಅಂತ ಒಂದು ನಿಯಮ ಮಾಡೋಕೆ ಏನು ಕಷ್ಟ? ಒಂದು ಗೋಡೆ, ಅದರ ಮೇಲೆ ಒಂದು ಗೆರೆ ಸಾಕು. ವರ್ಷಕ್ಕೊಂದು ವಾರ ರಸ್ತೆಯಲ್ಲಿ ನಿಂತು ದಂಡ ಹಾಕೋದಕ್ಕಿಂತ ಇದು ಮೇಲು. ಅಕ್ರಮ ಬಲ್ಬನ್ನು ಹಾಕಿಸಿಕೊಂಡವನಿಗೆ 500 ರೂಪಾಯಿ ದಂಡ ಹಾಕ್ತೀರಿ, ಅದನ್ನು ರಾಶಿ ಹಾಕಿ ಮಾರೋ ಅಂಗಡಿಯನ್ನು, ಆನ್‌ಲೈನಿನಲ್ಲಿ ಮನೆಗೇ ತಲುಪಿಸೋರನ್ನು ಯಾಕೆ ಕೇಳಲ್ಲ?

ಅಂದಹಾಗೆ, ಆ ಕಪ್ಪು ಎಲ್ಲಿ ಹೋಯ್ತು ಅಂತ ಕೇಳಿದ್ದೆನಲ್ಲ. ಅದು ಪೂರ್ತಿ ಹೋಗಿಲ್ಲ. ದುಬಾರಿ ಕಾರಿನೊಳಗೆ ಸೇರಿಕೊಂಡಿದೆ. 2013ರಲ್ಲಿ ಆಡಿ ಎ8 ಕಾರಿನಲ್ಲಿ ಮ್ಯಾಟ್ರಿಕ್ಸ್ ಎಲ್‌ಇಡಿ ಅನ್ನೋ ಹೆಡ್‌ಲೈಟ್ ಬಂತು. ಹತ್ತಾರು ಪುಟ್ಟ ಎಲ್‌ಇಡಿಗಳು, ಮುಂದೆ ಒಂದು ಕ್ಯಾಮೆರಾ. ಎದುರಿನಿಂದ ಗಾಡಿ ಬಂದರೆ ಅದರ ಮೇಲೆ ಬೀಳೋ ಎಲ್‌ಇಡಿಗಳನ್ನು ಮಾತ್ರ ಆರಿಸುತ್ತೆ. ಉಳಿದ ರಸ್ತೆಯೆಲ್ಲ ಬೆಳಕು, ಎದುರಿನವನ ಕಣ್ಣಿನ ಮೇಲೆ ಮಾತ್ರ ಒಂದು ಕಪ್ಪು ತುಂಡು. ಅವನು ಸರಿದ ಹಾಗೆ ಆ ಕಪ್ಪೂ ಸರಿಯುತ್ತೆ. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಗ್ಯಾರೇಜಿನ ಹುಡುಗ ಬ್ರಶ್ಶಿನಲ್ಲಿ ಮಾಡ್ತಿದ್ದ ಕೆಲಸವನ್ನೇ ಈಗ ಕಂಪ್ಯೂಟರ್ ಮಾಡ್ತಿದೆ. ಈ ಸಲ ಸರಿಯಾದ ಜಾಗಕ್ಕೆ ಬಳೀತಿದೆ.

ಲಕ್ಷಾಂತರ ರೂಪಾಯಿಯ ಕಾರು ಎಲ್ಲರ ಕೈಗೆಟುಕಲ್ಲ. ಪರವಾಗಿಲ್ಲ. ಇರೋ ಕಾರಿನಲ್ಲೇ ಮಾಡಬಹುದಾದ್ದು ಬೇಕಾದಷ್ಟಿದೆ. ಹಳದಿಯಾದ ಹೆಡ್‌ಲೈಟ್ ಕವರನ್ನು ಪಾಲಿಶ್ ಮಾಡಿಸಿ, ಇಲ್ಲವೇ ಬದಲಾಯಿಸಿ. ಎಷ್ಟೋ ಗಾಡಿಗಳಲ್ಲಿ ಬೆಳಕಿನ ಕೊರತೆ ಬಲ್ಬಿನದ್ದಲ್ಲ, ಆ ಕವರಿನದ್ದು. ಬಲ್ಬು ಬೇಕಿದ್ದರೆ ಕಂಪನಿ ಹೇಳಿದ ಅಳತೆಯದ್ದೇ, 60/55 ವ್ಯಾಟಿನದ್ದೇ, ಒಳ್ಳೆಯದು ಹಾಕಿಸಿ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ ನೋಡಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ಮೆಕ್ಯಾನಿಕ್‌ಗೆ ಹೇಳಿ ತಿರುಪು ತಿರುಗಿಸಿ. ಸ್ಟೀರಿಂಗ್ ಪಕ್ಕದಲ್ಲಿ 0, 1, 2, 3 ಅಂತ ಬರೆದ ಸಣ್ಣ ಚಕ್ರ ಇರುತ್ತೆ, ಎಷ್ಟೋ ಜನ ಅದನ್ನು ಮುಟ್ಟೇ ಇರಲ್ಲ. ಡಿಕ್ಕಿ ತುಂಬ ಲಗೇಜು, ಹಿಂದಿನ ಸೀಟು ತುಂಬ ಜನ ಇದ್ದಾಗ ಗಾಡಿಯ ಮೂತಿ ಮೇಲೇಳುತ್ತೆ. ಆಗ ಆ ಚಕ್ರ ತಿರುಗಿಸಿ ದೀಪ ತಗ್ಗಿಸಿ. ಎದುರಿಗೆ ಗಾಡಿ ಕಂಡರೆ ಡಿಮ್ ಮಾಡಿ. ಅವನು ಮಾಡಲಿ ಆಮೇಲೆ ನಾನು ಮಾಡ್ತೀನಿ ಅಂತ ಕಾಯಬೇಡಿ.

ಹೆಡ್‌ಲೈಟ್ ನಿಮ್ಮದು, ಬಲ್ಬಿಗೆ ದುಡ್ಡು ಕೊಟ್ಟವರು ನೀವು, ಎಲ್ಲ ನಿಜ. ಆದರೆ ಗಾಜು ದಾಟಿ ಹೊರಗೆ ಬಂದ ಮೇಲೆ ಆ ಬೆಳಕು ರಸ್ತೆಯಲ್ಲಿರೋ ಎಲ್ಲರದ್ದು. ಇವತ್ತು ರಾತ್ರಿ ಗಾಡಿ ತೆಗೆಯೋ ಮೊದಲು ಒಂದು ನಿಮಿಷ ಕೆಳಗಿಳಿಯಿರಿ. ಲೈಟ್ ಹಾಕಿ, ಎಂಟು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ನಿಮ್ಮ ಕಾರನ್ನೇ ನೋಡಿ. ಕಣ್ಣು ಬಿಡೋಕಾಗ್ತಿದೆಯಾ?

ಆಗ್ತಿಲ್ಲ ಅಂದರೆ, ನಾಳೆ ಬೆಳಿಗ್ಗೆ ಮೊದಲ ಕೆಲಸ ಅದು.